ಮುಂದಕ್ಕೆ ಹೋಗದ ಕಾರು

ಆಟೋಮ್ಯಾಟಿಕ್ ಕಾರಿನ ಗೇರ್ ಆಯಿಲನ್ನು ವಾಮದೇವ ತಾನೇ ಬದಲಾಯಿಸಿದ್ದ. ಅಂದಿನಿಂದ ಅದು ಹಿಂದಕ್ಕೆ ಮಾತ್ರ ಹೋಗುತ್ತಿತ್ತು, ಮುಂದಕ್ಕೆ ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ.

"ಗೊತ್ತಿಲ್ಲದಿದ್ರೂ ಎಲ್ಲದಕ್ಕೂ ಕೈ ಹಾಕೋದು!" ಎಂದಳು ಹೆಂಡತಿ ಶಶಿರೇಖಾ. ಜಗಳವಾಡಿ ತವರಿಗೆ ಹೊರಟವಳ ಸೂಟ್‌ಕೇಸುಗಳು ಆಗಲೇ ಡಿಕ್ಕಿಯಲ್ಲಿದ್ದವು. "ಕಾರು ಸರಿಯಾದ ತಕ್ಷಣ ಹೋಗ್ತೀನಿ. ಮತ್ತೆ ಬರಲ್ಲ."

ಅವಳೇ ಫೋನ್ ಮಾಡಿ ಕರೆಸಿದ ಮೆಕ್ಯಾನಿಕ್ ದಸ್ತಗೀರ್ ಬಾನೆಟ್ ಎತ್ತಿ ನೋಡಿದ. ಅವಳು ಒಳಗೆ ಹೋದಳು.

"ಆಯಿಲ್ ಕಮ್ಮಿ ಹಾಕಿದ್ದೀರಿ ಸಾರ್, ಅಷ್ಟೇ. ಈಗ್ಲೇ ಸರಿಯಾಗುತ್ತೆ," ಎಂದವನು ನಾಲಿಗೆ ಕಚ್ಚಿಕೊಂಡ.

ವಾಮದೇವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಬೇಡಪ್ಪಾ. ಪಾರ್ಟ್ ಬರ್ಬೇಕು, ಒಂದು ವಾರ ಆಗುತ್ತೆ ಅಂತ ಅವಳಿಗೆ ಹೇಳ್ಬಿಡು."

ದಸ್ತಗೀರ್ ತಲೆ ಕೆರೆದುಕೊಂಡ.

"ಹದಿನೈದು ದಿನ ಆಗುತ್ತೆ ಅಂತ ನಿಮಗೆ ಹೇಳೋಕೆ ಅಮ್ಮಾವ್ರು ಫೋನಲ್ಲೇ ಹೇಳಿದ್ರಲ್ಲ ಸಾರ್!"