ಡಿಲೇ ಪೆಡಲ್‌ನೊಳಗಿನ ಮದುವೆಯೂಟ

ನಾಳೆ ಬ್ಯಾಂಕಿನ ಕೆಲಸ ಬಿಟ್ಟು ಬ್ಯಾಂಡ್ ಸೇರಬೇಕೆಂದಿದ್ದ ಲವೀನಾ, ನಿಂತಲ್ಲಿ ನಿಲ್ಲಲಾರದೆ, ವಾದ್ಯಗಳ ಅಂಗಡಿಯಲ್ಲಿದ್ದ, ದನಿಯ ಸಮಯ ಬದಲಿಸುವ ಡಿಲೇ ಪೆಡಲನ್ನು ಕಾಲಲ್ಲಿ ಒತ್ತಿ ಗಿಟಾರ್ ಮೀಟಿದಳು. ಎಲ್ಲ ಡಿಲೇ ಪೆಡಲ್‌ಗಳಂತೆ ಅದೂ ಅವಳು ಮುಂದಿನ ವರ್ಷ ಇದೇ ದಿನ ನುಡಿಸಲಿರುವುದನ್ನು ಕೇಳಿಸಿತು. ಗಿಟಾರಿನ ಹಿಂದೆ ಎಲೆ ಹಾಕುವ ಗಡಿಬಿಡಿ, "ಸಾರು, ಸಾರು" ಎಂಬ ಕೂಗು. ಚಪ್ಪಾಳೆ ಇಲ್ಲ.

"ಇದು ಮದುವೆ ಊಟದ ಹಾಲ್ ಅಲ್ವಾ ಮಾರಾಯ್ರೆ?"

"ಹೌದು," ಎಂದರು ಅಂಗಡಿಯ ಉಮಾನಾಥ ಶೆಣೈ. "ಜೊತೆಗೊಂದು ಡಿಸ್ಟಾರ್ಷನ್ ಪೆಡಲ್ ತಗೊಳ್ಳಿ, ದನಿಯನ್ನು ಕರ್ಕಶ ಮಾಡುತ್ತದೆ. ಆಗ ಭವಿಷ್ಯ ಇಷ್ಟು ಸ್ಪಷ್ಟ ಕೇಳುವುದಿಲ್ಲ. ಎಲ್ಲರೂ ಹಾಗೇ ಮಾಡುವುದು."

ಇನ್ನೊಂದು ಪೆಡಲ್ ಒತ್ತಿದಳು. ಅದೇ ಸಾರು. ಮೂರನೆಯದರಲ್ಲಿ ಗಿಟಾರಿಗಷ್ಟೇ ಕಿವಿಗೊಟ್ಟಳು. ಹತ್ತು ವರ್ಷಗಳಿಂದ ಬೆರಳು ಎಡವುತ್ತಿದ್ದ ರಾಗದ ತಿರುವನ್ನು, ಯಾರೂ ಕೇಳದ ಆ ಊಟದ ನಡುವೆ, ಅವಳು ಸಲೀಸಾಗಿ ದಾಟಿದ್ದಳು.

"ಡಿಸ್ಟಾರ್ಷನ್ ಬೇಡ," ಎಂದಳು. "ಉಣ್ಣುವವರು ಉಣ್ಣಲಿ. ಇದನ್ನೇ ಕೊಡಿ."