ಹೊಂಡಕ್ಕಿಳಿದ ಕೋಳಿ

ಕಾವಿಗೆಂದು ಎರವಲು ಕೊಟ್ಟಿದ್ದ ತನ್ನ ಕೋಳಿಯನ್ನು ಹಿಡಿದು ವಾಪಸು ಒಯ್ಯಲು ರಾಮವ್ವ ಬುಟ್ಟಿ ಎತ್ತಿದ ಹೊತ್ತಿಗೇ ಬಾತುಕೋಳಿಯ ಮರಿಗಳೆಲ್ಲ ನೆರೆಮನೆಯ ಶರೀಫಾಬಿಯ ಹಿತ್ತಿಲ ಹೊಂಡಕ್ಕೆ ಧುಮುಕಿದವು. ಅವುಗಳ ತತ್ತಿಗೆ ಕಾವು ಕೂತು ಮರಿ ಮಾಡಿದ ಆ ಕೋಳಿ ದಂಡೆಯ ಮೇಲೆ ಹುಚ್ಚು ಹಿಡಿದಂತೆ ಕೂಗುತ್ತ ಓಡಾಡಿತು. ಆಡುಗಳು ಮೇವು ಬಿಟ್ಟು ತಲೆಯೆತ್ತಿದವು, ನಾಯಿ ಎದ್ದು ನಿಂತಿತು.

"ಲಗೂ ಹಿಡೀರಿ ವೈನಿ," ಬೇಲಿಯಾಚೆಯಿಂದ ಮೈದುನ ಅಶೋಕ ಗದರಿದ. "ಅವರ ಮನಿಗೆ ನಮ್ಮ ಕೋಳಿ ಕೊಡೂದ ಬ್ಯಾಡ ಅಂತ ಓಣ್ಯಾಗ ಎಲ್ಲಾರೂ ಮಾತಾಡೇವಿ."

"ಇನ್ನೊಂದೀಟ ದಿನಾ ಬಿಡ್ರಿ ಅಕ್ಕಾ," ಶರೀಫಾಬಿ ಅಂಗಲಾಚಿದಳು. "ಅದರ ರೆಕ್ಕಿ ಇಲ್ಲಂದ್ರ ಮರಿ ಥಂಡಿಗೆ ಸತ್ತ ಹೋಗ್ತಾವು."

ರಾಮವ್ವ ಹೊಂಡದತ್ತ ನೋಡಿದಳು. ನಾಲ್ಕು ಹನಿ ಮಳೆ ಬಿದ್ದರೂ ಸೂರಿನಡಿ ಸೇರುತ್ತಿದ್ದ ಅವಳ ಕೋಳಿ ಕೂಗು ನಿಲ್ಲಿಸಿ ಒಂದು ಕಾಲನ್ನು ನೀರಿಗಿಟ್ಟಿತ್ತು. ಆಮೇಲೆ ಇನ್ನೊಂದು. ಎದೆಯ ಪುಕ್ಕ ತೊಯ್ಯುವವರೆಗೂ ಇಳಿದು, ನಡುಗುತ್ತ, ಅಲ್ಲೇ ನಿಂತು ಮರಿಗಳನ್ನು ಕರೆಯಿತು. ಈಜು ಬಾರದ ಜೀವ, ತನ್ನ ಜಾತಿಯದೇ ಅಲ್ಲದ ಮರಿಗಳಿಗಾಗಿ ಮುಳುಗಲೂ ತಯಾರಾಗಿತ್ತು! ಮರಿಗಳು ಒಂದೊಂದೇ ತೇಲಿ ಬಂದು ಅದರ ಸುತ್ತ ಸೇರಿದವು.

ರಾಮವ್ವ ಖಾಲಿ ಬುಟ್ಟಿಯನ್ನು ಪಕ್ಕಕ್ಕೆ ಬೋರಲು ಹಾಕಿದಳು.

"ವೈನಿ, ಹಿಡೀರಿ ಅಂದ್ನೆಲ್ಲ!"

"ಬಾಣಂತಿನ್ನ ಯಾರರೆ ಮನಿಯಿಂದ ಎಬ್ಬಸ್ತಾರೇನೋ?" ಎಂದಳು ರಾಮವ್ವ. ಅವನತ್ತ ತಿರುಗಿಯೂ ನೋಡಲಿಲ್ಲ. "ಶರೀಫಾಬಿ, ಒಂದ ಹಿಡಿ ನುಚ್ಚ ತಾ. ನನ್ನ ಕೋಳಿ ಹಸದೈತಿ."