ಒಂದು ಗೇಣು ವ್ಯತ್ಯಾಸ

ಪರದೆಯ ಮೇಲೆ ಗುಡ್ಡ ಎರಡಾಗಿತ್ತು. ಬುಡ ಒಂದೇ, ದಾರಿ ಒಂದೇ. ಅರ್ಧದಿಂದ ಮೇಲಕ್ಕೆ ಮಾತ್ರ ಪ್ರತಿ ಬಂಡೆಯ ಪಕ್ಕದಲ್ಲೂ ಅದೇ ಬಂಡೆ ಇನ್ನೊಂದು. ಅಕ್ಕನಿಗೆ ತಲೆ ಕೆಟ್ಟುಹೋಯಿತು. ಸಿನಿಮಾದವರಿಗೆ ಸಂಜೆಯೊಳಗೆ ಗುಡ್ಡ ಕೊಡಬೇಕು, ಇಲ್ಲಿ ನೋಡಿದರೆ ಈ ಅವತಾರ.

ಕೆಲಸ ಹೇಳುವುದಕ್ಕೇನೋ ಸುಲಭ. ತಮ್ಮ ಕ್ಯಾಮೆರಾ ಹಿಡಿದು ಗುಡ್ಡದ ಸುತ್ತ ಓಡಾಡಿ ಸಾವಿರಗಟ್ಟಲೆ ಫೋಟೋ ತೆಗೆಯುತ್ತಾನೆ. ಅಕ್ಕ ಸ್ಟುಡಿಯೋದಲ್ಲಿ ಕೂತು ಅವನ್ನೆಲ್ಲ ಒಂದಕ್ಕೊಂದು ಜೋಡಿಸಿ, ಕಲ್ಲು ಮುಳ್ಳು ಸಮೇತ ಅದೇ ಗುಡ್ಡವನ್ನು ಕಂಪ್ಯೂಟರಿನಲ್ಲಿ ಎಬ್ಬಿಸುತ್ತಾಳೆ. ಫೋಟೋಗ್ರಾಮೆಟ್ರಿ ಎಂದು ಅದರ ಹೆಸರು. ಹೋದ ವಾರದ ಫೋಟೋಗಳ ಮೇಲೆ ಭಾನುವಾರದವು, ಅವುಗಳ ಮೇಲೆ ಇಂದು ಬೆಳಿಗ್ಗೆಯವು ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂರಬೇಕು. ಅದಕ್ಕೆಂದೇ ತಮ್ಮ ಗುಡ್ಡದ ಉದ್ದಕ್ಕೂ ಗುರುತಿನ ಬಿಲ್ಲೆಗಳನ್ನು ಹೊಡೆದಿದ್ದ. ಅವನು ಫೋನ್ ಎತ್ತಿದ್ದೇ ತಡ, ಅಕ್ಕ ಶುರು ಮಾಡಿದಳು.

"ಮೇಲಿನ ನಾಲ್ಕು ಬಿಲ್ಲೆ ಯಾಕೋ ಕಿತ್ತು ಬೇರೆ ಕಡೆ ಇಟ್ಟೆ?"

"ನಾನ್ಯಾಕೆ ಕೀಳ್ಲಿ? ಬಂಡೆಗೇ ಮೊಳೆ ಹೊಡೆದಿದೀನಿ."

"ಹಾಗಾದ್ರೆ ಒಂದು ಗೇಣು ಕೆಳಗೆ ಹೇಗೆ ಬಂದ್ವು? ನಡ್ಕೊಂಡು ಬಂದ್ವಾ?"

"ಊಟದ ಹೊತ್ತಲ್ಲಿ ತಲೆ ತಿನ್ಬೇಡ ಅಕ್ಕ. ಬೇಕಾದ್ರೆ ಒಂದರಿಂದ ಒಂದಕ್ಕೆ ಎಷ್ಟು ದೂರ ಇದೆ ಅಂತ ನೀನೇ ಅಳೆದು ನೋಡು."

ಅಕ್ಕ ಅಳೆದಳು. ಆ ನಾಲ್ಕರ ನಡುವಿನ ಅಂತರ ಭಾನುವಾರ ಎಷ್ಟಿತ್ತೋ ಇಂದೂ ಅಷ್ಟೇ. ಬುಡದ ಬಿಲ್ಲೆಗಳೂ ಇದ್ದಲ್ಲೇ ಇದ್ದವು. ಮೇಲಿನವು ಮಾತ್ರ ನಾಲ್ಕೂ ಒಟ್ಟಿಗೆ, ತಾವು ಕೂತ ಬಂಡೆಗಳ ಸಮೇತ, ಒಂದು ಗೇಣು ಇಳಿದಿದ್ದವು. ಗುಡ್ಡವೇ ಇಳಿಯುತ್ತಿತ್ತು.

"ನೀವೆಲ್ಲ ಈಗ ಎಲ್ಲಿದೀರ?"

"ಗುಡ್ಡದ ಬುಡದಲ್ಲೇ, ಟೆಂಟಲ್ಲಿ. ಶೂಟಿಂಗಿನವರೆಲ್ಲ ಸೇರಿ ಅರವತ್ತು ಜನ ಊಟಕ್ಕೆ ಕೂತಿದೀವಿ."

"ತಟ್ಟೆ ಬಿಟ್ಟು ಏಳು. ಎಲ್ಲರನ್ನೂ ಎಬ್ಬಿಸ್ಕೊಂಡು ಹೊಳೆ ದಾಟು. ಗುಡ್ಡ ಜಾರ್ತಿದೆ ಕಣೋ."

ನಗಲು ಹೋದ ತಮ್ಮ ಅಕ್ಕನ ದನಿ ಕೇಳಿ ನಗು ನುಂಗಿಕೊಂಡ. ಆಮೇಲೆ ಫೋನಿನಲ್ಲಿ ಕೇಳಿಸಿದ್ದು ಕೂಗಾಟ, ಕುರ್ಚಿಗಳು ಬೀಳುವ ಸದ್ದು. ಸಂಪರ್ಕ ಕಡಿದುಹೋಯಿತು. ಅಕ್ಕ ಫೋನ್ ಕೈಯಲ್ಲಿ ಹಿಡಿದು ಅರ್ಧ ಗಂಟೆ ಕೂತಲ್ಲೇ ಕೂತಳು.

ಮತ್ತೆ ಕರೆ ಬಂದಾಗ ತಮ್ಮನ ದನಿಯ ಗುರುತೇ ಸಿಗಲಿಲ್ಲ.

"ಗುಡ್ಡ ಬಂದುಬಿಡ್ತು ಅಕ್ಕ. ಟೆಂಟಿದ್ದ ಕಡೆ ಬರೀ ಮಣ್ಣು."

"ಜನ?"

"ಐವತ್ತೆಂಟು ಜನ ಹೊಳೆ ಈಚೆ ಇದೀವಿ. ಅಡುಗೆಯವನೂ ಅವನ ಹೆಂಡ್ತೀನೂ ಒಲೆ ಆರಿಸಿ ಬರ್ತೀವಿ ಅಂತ ವಾಪಸ್ ಹೋದ್ರು." ಅವನು ಬಿಕ್ಕಿದ. "ಬೆಳಿಗ್ಗೇನೇ ಗೊತ್ತಾಗಿದ್ರೆ ಅವರು ಒಲೆನೇ ಹಚ್ತಿರ್ಲಿಲ್ಲ."

ಅಕ್ಕ ಪರದೆಯನ್ನೇ ನೋಡುತ್ತಿದ್ದಳು.

"ಭಾನುವಾರಾನೇ ನಾಲ್ಕು ಬೆರಳು ಸರಿದಿತ್ತು ಕಣೋ," ಎಂದಳು. "ನೀನೇ ಏನೋ ಎಡವಟ್ಟು ಮಾಡಿದೀಯ ಅಂತ, ಅವತ್ತು ನಾನೇ ಎಳೆದು ಕೂರಿಸಿ ಸರಿ ಮಾಡ್ಬಿಟ್ಟೆ."